ಕೂಸಿನ ನಿಪ್ಪಲ್ಲು ಬಿಡಿಸುವ ವಿಚಾರ

ಮನೆ ಮಕ್ಕಳೆಂಬ ಸಂಸಾರವಿಲ್ಲದ ವಿರಕ್ತನಿಗೂ ಎಳೆಗೂಸಿನ ಬಾಯಿಯಲ್ಲಿರುವ ನಿಪ್ಪಲ್ಲಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು. ನಾಮಕರಣಕ್ಕೆಂದು, ಲಿಂಗಧಾರಣೆಗೆಂದು, ಜವಳ ತೆಗೆಸುವುದಕ್ಕೆಂದು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಮಠಕ್ಕೆ ಬರುತ್ತಲೇ ಇರುತ್ತಾರೆ. ನಾವು ಹೆಸರಿಟ್ಟ ಕೂಸು ಮರುವರ್ಷ ತಪ್ಪುಹೆಜ್ಜೆಯಿಡುತ್ತ ಬರುತ್ತದೆ. ಕೆಲವು ವರ್ಷಗಳ ತರುವಾಯ ಪ್ರಸಾದನಿಲಯದ ವಿದ್ಯಾರ್ಥಿಯಾಗಿ ಸಾಲಿನಲ್ಲಿ ನಿಲ್ಲುತ್ತದೆ. ಹೀಗೆ ಬರುವ ಹೆತ್ತವರು ಕೇಳುವ ಪ್ರಶ್ನೆಗಳೆಲ್ಲವೂ ಶಾಸ್ತ್ರಕ್ಕೆ ಸೇರಿದವಲ್ಲ. ಮಗು ಅನ್ನ ಉಣ್ಣುವುದಿಲ್ಲ, ಮಾತು ಬರುವುದು ತಡವಾಯಿತು, ರಾತ್ರಿ ಬೆಚ್ಚಿಬೀಳುತ್ತದೆ, ಏನು ಮಾಡೋಣ ಎಂದು ಕೇಳುತ್ತಾರೆ. ವೈದ್ಯರು ಹೇಳಬೇಕಾದುದನ್ನು ನಾವು ಹೇಳುವುದಿಲ್ಲ. ಆದರೆ ಮನೆಯವರ ಮನಸ್ಸಿಗೆ ಸಂಬಂಧಪಟ್ಟ ಭಾಗವೊಂದು ಈ ಪ್ರಶ್ನೆಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಕುರಿತು ನಾಲ್ಕು ಮಾತು ಆಡುವುದು ಮಠದಲ್ಲಿ ಕುಳಿತವರ ಕರ್ತವ್ಯವೆಂದು ತಿಳಿದಿದ್ದೇವೆ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗಳ ಸಾಲಿಗೆ ಹೊಸದೊಂದು ಸೇರಿಕೊಂಡಿದೆ. ಹಾಲಿಲ್ಲದೆ ಬರಿದೆ ಚೀಪಲೆಂದು ಕೂಸಿನ ಬಾಯಿಗೆ ಇಡುವ ರಬ್ಬರಿನ ಅಥವಾ ಸಿಲಿಕೋನಿನ ಸಾಧನಕ್ಕೆ ಔಷಧದ ಅಂಗಡಿಯವರು ಪ್ಯಾಸಿಫೈಯರ್ ಎನ್ನುತ್ತಾರೆ. ನಮ್ಮ ತಾಯಂದಿರ ಬಾಯಲ್ಲಿ ಅದು ಹಾಲಿನ ಬಾಟಲಿಯದರಂತೆಯೇ ‘ನಿಪ್ಪಲ್ಲು’. ಕೊಡುವಾಗ ಯಾರೂ ಹೆಚ್ಚು ಯೋಚಿಸುವುದಿಲ್ಲ. ಅಳುವ ಕೂಸು ಸುಮ್ಮನಾದರೆ ಸಾಕೆನಿಸಿರುತ್ತದೆ. ಬಿಡಿಸುವ ಕಾಲ ಬಂದಾಗಲೇ ಯಾವಾಗ, ಹೇಗೆ ಎಂಬ ಚಿಂತೆ ಹುಟ್ಟುವುದು, ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು.

ಕಳೆದ ಕಾರ್ತೀಕ ಮಾಸದಲ್ಲಿ ಹಾಗೆ ಮಾತು ಬೆಳೆದಿದ್ದ ಒಂದು ಕುಟುಂಬ ಮಠಕ್ಕೆ ಬಂದಿತ್ತು. ಮಗ ನಮ್ಮ ಪ್ರಸಾದನಿಲಯದಲ್ಲಿಯೇ ಓದಿದವನು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಪತ್ನಿಯೂ ಕೆಲಸಕ್ಕೆ ಹೋಗುವವರು. ಊರಿನಿಂದ ತಾಯಿ ಬಂದು ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದಾರೆ. ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಬಾಯಲ್ಲಿ ನೀಲಿ ಬಣ್ಣದ ನಿಪ್ಪಲ್ಲು. ನಮಸ್ಕಾರ ಮಾಡಿ ಏಳುವ ಮೊದಲೇ ಆ ಹಿರಿಯ ತಾಯಿ, “ಬುದ್ಧಿ, ಕುಡುಕರ ಕೈಲಿ ಕುಡಿತ ಬಿಡಿಸೋಕೆ ಸ್ವಾಮಿಗಳು ಜೋಳಿಗೆ ಹಿಡಿದ್ರಂತಲ್ಲ, ಹಂಗೇ ಇವನ ಚಟಾನೂ ನಿಮ್ಮ ಜೋಳಿಗೆಗೆ ಹಾಕಿಸ್ಕೊಂಬಿಡಿ. ಕೆಲಸಕ್ಕೆ ಹೋಗೋ ಅವಸರದಲ್ಲಿ ಇವಳು ಕೂಸಿಗೆ ಚಟ ಹತ್ತಿಸಿದಳು. ಈಗ ಅದೇ ಮನೆಗೆಲ್ಲ ಕಷ್ಟವಾಗಿದೆ” ಎಂದರು. ಸೊಸೆ ತಲೆ ಬಗ್ಗಿಸಿದರು. ಮಗ ಇಬ್ಬರ ನಡುವೆ ಸಿಕ್ಕಿಕೊಂಡವನಂತೆ ಸುಮ್ಮನೆ ನಿಂತಿದ್ದ. ತನ್ನ ವಿಚಾರವಾಗಿಯೇ ಮಾತು ನಡೆಯುತ್ತಿದೆಯೆಂದು ಮಗುವಿಗೆ ಗೊತ್ತಾಗಿಹೋಯಿತು. ಅದು ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡು ತಾಯಿಯ ಬೆನ್ನ ಹಿಂದೆ ಸೇರಿತು.

ಆ ತಾಯಿ ನೆನಪು ಮಾಡಿಕೊಂಡ ಜೋಳಿಗೆ ನಾಡಿಗೆಲ್ಲ ತಿಳಿದದ್ದೇ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ, ಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಅಂತಹ ಮಹನೀಯರ ಜೋಳಿಗೆಯ ಹೆಸರು ಹೇಳಿ ಕೇಳಿದಾಗ ಇಲ್ಲವೆನ್ನುವುದು ಸುಲಭವಲ್ಲ. ಆದರೂ ನಾವು ಕೈಯೊಡ್ಡಲಿಲ್ಲ. ಜೋಳಿಗೆಗೆ ಹಾಕುವವನು ತಾನು ಏನನ್ನು ಬಿಡುತ್ತಿದ್ದೇನೆ, ಏಕೆ ಬಿಡುತ್ತಿದ್ದೇನೆ ಎಂಬುದನ್ನು ಬಲ್ಲವನು. ಹಾಕಿದ ಮೇಲೆ ಮಾತು ಉಳಿಸಿಕೊಳ್ಳಬೇಕಾದವನು. ಎರಡೂವರೆ ವರ್ಷದ ಕೂಸಿಗೆ ಅಂತಹ ಅರಿವು ಎಲ್ಲಿಂದ ಬರಬೇಕು? ಕಾವಿಯುಟ್ಟ ಅಪರಿಚಿತನಿಗೆ ಬೆದರಿ ಅದು ಕೊಟ್ಟರೆ, ಅದು ಕೊಟ್ಟದ್ದಲ್ಲ, ನಾವು ಕಸಿದುಕೊಂಡದ್ದು. ಅಲ್ಲದೆ, ‘ಅತ್ತರೆ ಸ್ವಾಮಿಗಳು ಜೋಳಿಗೆಗೆ ಹಾಕಿಕೊಂಡು ಹೋಗುತ್ತಾರೆ’ ಎಂದು ಮಕ್ಕಳನ್ನು ಹೆದರಿಸುವ ತಾಯಂದಿರು ಈಗಾಗಲೇ ಸಾಕಷ್ಟಿದ್ದಾರೆ. ಆ ಮಾತಿಗೆ ನಾವೇ ಸಾಕ್ಷಿ ಒದಗಿಸುವುದು ಬೇಡವೆನಿಸಿತು.

“ತಾಯಿ, ಇದನ್ನು ಚಟವೆಂದು ಕರೆಯಬೇಡಿ” ಎಂದೆವು. ಆಗ ಸೊಸೆ ತಗ್ಗಿದ ದನಿಯಲ್ಲಿ, ಕೂಸು ದಿನ ತುಂಬುವ ಮುನ್ನ ಎಂಟನೆಯ ತಿಂಗಳಿನಲ್ಲಿಯೇ ಹುಟ್ಟಿತೆಂದೂ, ನಳಿಕೆಯಿಂದ ಹಾಲು ಹಾಕುತ್ತಿದ್ದ ಆ ದಿನಗಳಲ್ಲಿ ದಾದಿಯರೇ ಅದರ ಬಾಯಿಗೆ ನಿಪ್ಪಲ್ಲು ಇಟ್ಟು ಚೀಪುವುದನ್ನು ರೂಢಿಮಾಡಿಸಿದರೆಂದೂ ಹೇಳಿದರು. ಎರಡೂವರೆ ವರ್ಷ ಒಂದೇ ಮನೆಯಲ್ಲಿದ್ದ ಅತ್ತೆಗೆ ಈ ಸಂಗತಿ ಅದುವರೆಗೆ ತಿಳಿದಿರಲಿಲ್ಲವೆಂಬುದು ಅವರ ಮುಖದಿಂದಲೇ ಗೊತ್ತಾಯಿತು.

ಚೀಪುವುದು ಕೂಸಿಗೆ ಯಾರೂ ಹತ್ತಿಸಿದ್ದಲ್ಲ. ತಾಯ ಗರ್ಭದಲ್ಲಿಯೇ ಶಿಶು ತನ್ನ ಹೆಬ್ಬೆರಳನ್ನು ಚೀಪುವುದನ್ನು ಇಂದಿನ ಸ್ಕ್ಯಾನಿಂಗ್ ಯಂತ್ರಗಳು ತೋರಿಸುತ್ತವೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಗರ್ಭದ ಕೊನೆಯ ವಾರಗಳಲ್ಲಿ ಪಕ್ವವಾಗುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಶಿಶುವಿಗೆ ಬರಿದೆ ಚೀಪುವ ಅಭ್ಯಾಸ ಕೊಟ್ಟರೆ ಅದು ನಳಿಕೆಯನ್ನು ಬಿಟ್ಟು ಬಾಯಿಂದ ಕುಡಿಯುವುದನ್ನು ಬೇಗ ಕಲಿಯುತ್ತದೆಂದು ವೈದ್ಯರು ಕಂಡುಕೊಂಡಿದ್ದಾರೆ. ಹಸಿವಿಲ್ಲದಾಗಲೂ ಕೂಸು ಚೀಪುತ್ತದೆ, ಏಕೆಂದರೆ ನಡೆಯಲು, ಮಾತನಾಡಲು, ಕೈಚಾಚಿ ಹಿಡಿಯಲು ಬಾರದ ಆ ಜೀವಕ್ಕೆ ತನ್ನನ್ನು ತಾನೇ ಸಮಾಧಾನಗೊಳಿಸಿಕೊಳ್ಳಲು ಇರುವ ಮುಖ್ಯ ಉಪಾಯ ಅದೇ.

ಈ ಉಪಾಯಕ್ಕೆ ನೆರವಾಗುವ ವಸ್ತುಗಳೂ ಹೊಸವಲ್ಲ. ಜರ್ಮನ್ ಚಿತ್ರಕಾರ ಡ್ಯೂರರ್ 1506ರಲ್ಲಿ ಬರೆದ ಮಾತೃ-ಶಿಶು ಚಿತ್ರವೊಂದರಲ್ಲಿ ಬಾಲಯೇಸುವಿನ ಕೈಯಲ್ಲಿ ಚೀಪುವ ಬಟ್ಟೆಯ ಗಂಟಿದೆ. ಯೂರೋಪಿನ ಮನೆಗಳಲ್ಲಿ ಇಂತಹ ಗಂಟಿಗೆ ಸಕ್ಕರೆ ಕಟ್ಟುತ್ತಿದ್ದರು. ಕೆಲವೆಡೆ ಅದನ್ನು ಮದ್ಯದಲ್ಲಿ ಅದ್ದುತ್ತಿದ್ದುದೂ ಉಂಟು. ನಮ್ಮ ಹಳ್ಳಿಗಳಲ್ಲಿ ತಾಯಿ ಹೊಲಕ್ಕೆ ಹೋಗಿ ಬರುವುದು ತಡವಾದಾಗ ಅಜ್ಜಿಯಾದವಳು ತನ್ನ ಬತ್ತಿದ ಎದೆಗೇ ಕೂಸನ್ನು ಹಚ್ಚಿಕೊಂಡು ಅಳು ನಿಲ್ಲಿಸುತ್ತಿದ್ದಳು. ಆ ಎದೆಯಲ್ಲಿ ಹಾಲಿರಲಿಲ್ಲ, ಆದರೂ ಕೂಸು ನಿದ್ದೆಹೋಗುತ್ತಿತ್ತು. ಈ ಮಾತನ್ನು ಹೇಳಿದಾಗ ಆ ಹಿರಿಯ ತಾಯಿ, “ನನ್ನ ದೊಡ್ಡ ಮಗಳನ್ನ ನಮ್ಮತ್ತೆ ಹಂಗೇ ಮಲಗಿಸ್ತಿದ್ರು ಬುದ್ಧಿ” ಎಂದರು. ರಬ್ಬರಿನ ನಿಪ್ಪಲ್ಲು ಅದೇ ಕೆಲಸವನ್ನು ಮಾಡುತ್ತಿದೆ. ವ್ಯತ್ಯಾಸವೇನೆಂದರೆ, ಅಜ್ಜಿಯ ಎದೆಯೊಂದಿಗೆ ಅಜ್ಜಿಯ ತೋಳೂ ಜೋಗುಳವೂ ಇರುತ್ತಿದ್ದವು. ನಿಪ್ಪಲ್ಲು ಒಂದೇ ಬರುತ್ತದೆ.

ಹಾಗೆಂದ ಮಾತ್ರಕ್ಕೆ ಅದನ್ನು ಎಷ್ಟು ದಿನ ಬೇಕಾದರೂ ಬಿಡಬಹುದೆಂದು ಅರ್ಥವಲ್ಲ. ವಯಸ್ಸಿಗೆ ತಕ್ಕಂತೆ ಅದರ ಗುಣದೋಷಗಳು ಬದಲಾಗುತ್ತವೆ. ಹುಟ್ಟಿದ ಮೊದಲ ವಾರಗಳಲ್ಲಿ ಕೂಸು ತಾಯ ಎದೆಯನ್ನು ಹಿಡಿದು ಕುಡಿಯುವುದನ್ನು ಕಲಿಯಬೇಕು. ಆಗ ಬೇರೆಯದನ್ನು ಬಾಯಿಗಿಡದಿರುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಎದೆಹಾಲು ಕುಡಿಯುವ ಶಿಶುವಿಗೆ ಕೃತಕ ತೊಟ್ಟುಗಳನ್ನು ಕೊಡಲೇಬಾರದೆಂಬುದೂ ಒಂದಾಗಿತ್ತು. 2018ರ ಪರಿಷ್ಕರಣದಲ್ಲಿ ಆ ಮಾತನ್ನು ಕೊಂಚ ಬದಲಿಸಿ, ಅವುಗಳ ಬಳಕೆಯನ್ನೂ ಅಪಾಯಗಳನ್ನೂ ತಾಯಂದಿರಿಗೆ ತಿಳಿಯಹೇಳಬೇಕೆಂದರು. ಇನ್ನೊಂದು ಕಡೆ, ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ಎದೆಹಾಲು ನೆಲೆಗೊಂಡ ಮೇಲೆ ಮಲಗಿಸುವ ಹೊತ್ತಿನಲ್ಲಿ ನಿಪ್ಪಲ್ಲು ಕೊಡಬಹುದೆಂದು 2005ರಿಂದ ಹೇಳುತ್ತ ಬಂದಿದೆ. ನಿದ್ದೆಯಲ್ಲಿ ಕಾರಣ ತಿಳಿಯದೆ ಸಂಭವಿಸುವ ಶಿಶುಮರಣ ಇದನ್ನು ಬಳಸುವ ಕೂಸುಗಳಲ್ಲಿ ಕಡಮೆಯಾಗಿ ಕಂಡುಬಂದುದೇ ಇದಕ್ಕೆ ಕಾರಣ. ಆರು ತಿಂಗಳು ಕಳೆದ ಮೇಲೆ ತಕ್ಕಡಿ ನಿಧಾನವಾಗಿ ಇನ್ನೊಂದು ಕಡೆಗೆ ವಾಲುತ್ತದೆ. ಸದಾ ಚೀಪುವ ಮಕ್ಕಳಲ್ಲಿ ನಡುಗಿವಿಯ ಸೋಂಕು ಹೆಚ್ಚು. ನೆಲಕ್ಕೆ ಬಿದ್ದ ನಿಪ್ಪಲ್ಲನ್ನು ಸೆರಗಿಗೆ ಒರೆಸಿ ಮತ್ತೆ ಬಾಯಿಗಿಡುವ ಮನೆಗಳಲ್ಲಿ ಹೊಟ್ಟೆಯ ಬೇನೆಯೂ ಬರುತ್ತದೆ.

ಹಲ್ಲಿನ ವಿಚಾರ ಇನ್ನೂ ಸ್ಪಷ್ಟವಾದುದು. 20 ಹಾಲುಹಲ್ಲುಗಳೂ ಸುಮಾರು ಮೂರು ವರ್ಷದೊಳಗೆ ಮೂಡುತ್ತವೆ. ಆ ಕಾಲದಲ್ಲಿ ಹಗಲಿರುಳು ಚೀಪುತ್ತಿದ್ದರೆ ಮೇಲಿನ ಮತ್ತು ಕೆಳಗಿನ ಮುಂದಲೆಹಲ್ಲುಗಳು ಕೂಡಿಕೊಳ್ಳದೆ ನಡುವೆ ಕಿಂಡಿ ಉಳಿಯುತ್ತದೆ. ಮೇಲ್ದವಡೆ ಇಕ್ಕಟ್ಟಾಗಿ ಪಕ್ಕದ ಹಲ್ಲುಗಳು ಅಡ್ಡಕಚ್ಚುತ್ತವೆ. ಮೊದಲನೆಯ ದೋಷ ಚೀಪುವುದನ್ನು ಬೇಗ ಬಿಟ್ಟರೆ ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಎರಡನೆಯದು ಅಷ್ಟು ಸುಲಭವಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಬಾಯಿಗೆ ಬಿರಡೆಯಿಟ್ಟಂತೆ ಇದ್ದರೆ ಮಗು ಮಾತನಾಡುವ ಸಂದರ್ಭಗಳೂ ಕಡಮೆಯಾಗುತ್ತವೆ. ಆದುದರಿಂದ ಆರು ತಿಂಗಳಾದ ಮೇಲೆ ನಿದ್ದೆಯ ಹೊತ್ತಿಗೆ ಮಾತ್ರ ಸೀಮಿತಗೊಳಿಸುವುದು, ಒಂದು ವರ್ಷದ ಈಚೆಗೆ ಕಡಮೆಮಾಡುತ್ತ ಬರುವುದು, ಹೇಗಾದರೂ ಮೂರು ತುಂಬುವುದರೊಳಗೆ ಬಿಡಿಸುವುದು, ಇದು ವೈದ್ಯರ ಮಾತುಗಳನ್ನೆಲ್ಲ ಕೂಡಿಸಿದಾಗ ದೊರೆಯುವ ಲೆಕ್ಕ. ಬೇಗ ತೊಡಗಿದಷ್ಟೂ ಸುಲಭ. ಆರೇಳು ತಿಂಗಳ ಕೂಸು ಒಂದೆರಡು ದಿನದಲ್ಲಿ ಮರೆಯುವುದನ್ನು ಎರಡು ವರ್ಷದ ಮಗು ಹೆಸರು ಹಿಡಿದು ಕೇಳುತ್ತದೆ.

ವಯಸ್ಸಿನೊಡನೆ ಸಂದರ್ಭವನ್ನೂ ನೋಡಬೇಕು. ಜ್ವರ ನೆಗಡಿಗಳಿರುವಾಗ, ಮನೆ ಬದಲಾಯಿಸುವಾಗ, ತಮ್ಮನೋ ತಂಗಿಯೋ ಹುಟ್ಟಿದ ಹೊಸತರಲ್ಲಿ, ತಾಯಿ ಮರಳಿ ಕೆಲಸಕ್ಕೆ ಹೋಗತೊಡಗಿದ ವಾರಗಳಲ್ಲಿ ಬಿಡಿಸಲು ಹೊರಡುವುದು ವಿವೇಕವಲ್ಲ. ಒಂದನ್ನು ಕಳೆದುಕೊಂಡ ಮಗುವಿನಿಂದ ಅದೇ ಹೊತ್ತಿನಲ್ಲಿ ಇನ್ನೊಂದನ್ನು ಕೇಳಬಾರದು.

ಇನ್ನು ಹೇಗೆಂಬುದು. ಮಾಡಬಾರದುದನ್ನು ಮೊದಲು ಹೇಳಿಬಿಡುವುದು ಮೇಲು. ಬೇವಿನ ರಸ, ಮೆಣಸಿನ ಪುಡಿ ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯ. ತನಗೆ ಸಮಾಧಾನ ಕೊಡುತ್ತಿದ್ದುದೇ ಒಮ್ಮೆಲೇ ಸುಡತೊಡಗಿದರೆ ಆ ಕೂಸಿಗೆ ಏನನಿಸೀತು ಎಂಬುದನ್ನು ಹಚ್ಚುವವರು ಯೋಚಿಸಬೇಕು. ಇದಕ್ಕೆ ವಿರುದ್ಧವಾಗಿ, ಸುಮ್ಮನಿರಲೆಂದು ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಕೊಡುವವರಿದ್ದಾರೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಬಾಟ್ಯುಲಿಸಂ ಎಂಬ ವಿಷಬಾಧೆಗೆ ಕಾರಣವಾಗುವ ಜೀವಾಣುಗಳ ಬೀಜಕಗಳು ಅದರಲ್ಲಿ ಇರಬಹುದು. ಎಳೆಗರುಳಿನಲ್ಲಿ ಅವು ಬೆಳೆದು ಪ್ರಾಣಕ್ಕೇ ಅಪಾಯ ತರಬಹುದು. ತುದಿಯನ್ನು ಕತ್ತರಿಸಿ ಕೊಟ್ಟರೆ ರುಚಿ ಕೆಟ್ಟು ತಾನೇ ಬಿಡುತ್ತದೆಂದು ಕೆಲವರು ಹೇಳುತ್ತಾರೆ. ಕಿತ್ತುಬಂದ ತುಂಡು ಗಂಟಲಿಗೆ ಸಿಕ್ಕಿಕೊಂಡರೆ ಅನಾಹುತವಾಗುತ್ತದೆ. ಕಳೆದುಹೋಗದಿರಲೆಂದು ದಾರ ಕಟ್ಟಿ ಕೊರಳಿಗೆ ಹಾಕುವುದೂ ಅಷ್ಟೇ ಅಪಾಯಕರ.

‘ಕಾಗೆ ಕಚ್ಚಿಕೊಂಡು ಹೋಯಿತು’ ಎನ್ನುವುದು ಎಲ್ಲಕ್ಕಿಂತ ಸುಲಭವಾದ ದಾರಿಯೆಂದು ಬಹಳ ಮಂದಿ ಭಾವಿಸಿದ್ದಾರೆ. ಇದನ್ನು ದೊಡ್ಡ ಪಾಪವೆಂದು ನಾವು ಹೇಳುವುದಿಲ್ಲ; ಹೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಆದರೆ ಮಾರನೆಯ ದಿನ ಬೀರುವಿನ ಮೇಲೆ ನಿಪ್ಪಲ್ಲು ಮಗುವಿನ ಕಣ್ಣಿಗೆ ಬಿದ್ದರೆ? ಮಧ್ಯರಾತ್ರಿಯ ಅಳುವಿಗೆ ಸೋತು ತಂದೆ ಅದನ್ನೇ ಹೊರತೆಗೆದರೆ? ಕಾಗೆ ಒಯ್ದದ್ದು ಹೇಗೆ ಮರಳಿ ಬಂತೆಂದು ಕೇಳುವಷ್ಟು ಮಾತು ಅದಕ್ಕಿಲ್ಲದಿರಬಹುದು, ಆದರೆ ಅತ್ತರೆ ಸಿಗುತ್ತದೆ, ಹಿರಿಯರು ಹೇಳಿದ್ದು ಹಾಗೆಯೇ ಇರಬೇಕಾಗಿಲ್ಲ ಎಂಬೆರಡನ್ನೂ ಅದು ಕಲಿತುಬಿಡುತ್ತದೆ. ‘ಇನ್ನು ಇದು ಬೇಡ, ನೀನು ಬೆಳೆದಿದ್ದೀಯೆ, ಎತ್ತಿಡೋಣ’ ಎಂದು ನಿಜವನ್ನೇ ಹೇಳಿದರೆ ಅಳು ಒಂದು ಗಳಿಗೆ ಹೆಚ್ಚಾದೀತು. ಆ ಅಳುವನ್ನು ತಾಳಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ನಾವು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ವಿನ್ನಿಕಾಟ್ ಎಂಬ ಆಂಗ್ಲ ಶಿಶುವೈದ್ಯರ ಬರಹಗಳು ಕೈಗೆ ಬಂದಿದ್ದವು. ಮನೋವಿಶ್ಲೇಷಕರೂ ಆಗಿದ್ದ ಅವರು 1951ರಲ್ಲಿ ಮಂಡಿಸಿದ ಪ್ರಬಂಧವೊಂದರಲ್ಲಿ, ತಾಯಿಯಿಂದ ತಾನು ಬೇರೆಯೆಂದು ತಿಳಿಯತೊಡಗುವ ಕಾಲದಲ್ಲಿ ಕೂಸು ಹರಕು ಕಂಬಳಿಯನ್ನೋ ಬಟ್ಟೆಯ ತುದಿಯನ್ನೋ ಹಿಡಿದುಕೊಂಡು ಆ ದೂರವನ್ನು ದಾಟುತ್ತದೆಂದು ವಿವರಿಸಿದರು. ನಮ್ಮ ತಾಯಂದಿರಿಗೆ ಇದು ಹೊಸದಾಗಿ ತೋರದು. ಹಳೆಯ ಸೀರೆಯ ತುಂಡಿಲ್ಲದೆ ಮಲಗದ ಮಗು ಯಾರ ಮನೆಯಲ್ಲಿಲ್ಲ? ವಿನ್ನಿಕಾಟರ ಮಾತಿನಲ್ಲಿ ನಮಗೆ ಹಿಡಿಸಿದ್ದೇನೆಂದರೆ, ಇಂತಹ ವಸ್ತುವನ್ನು ಮಗು ಮರೆಯುವುದೂ ಇಲ್ಲ, ಅದಕ್ಕಾಗಿ ಶೋಕಿಸುವುದೂ ಇಲ್ಲ. ಅದರ ಅಗತ್ಯ ಮೆಲ್ಲಮೆಲ್ಲನೆ ತೀರಿಹೋಗುತ್ತದೆ. ಹಾಗೆ ತೀರುವುದಕ್ಕೆ ಅವಕಾಶ ಮಾಡಿಕೊಡುವುದೇ ಬಿಡಿಸುವ ಸರಿಯಾದ ಬಗೆ.

ನಮ್ಮ ಪ್ರಸಾದನಿಲಯದಲ್ಲಿ ಇದನ್ನು ಬೇರೊಂದು ರೂಪದಲ್ಲಿ ಕಾಣುತ್ತೇವೆ. ಮೊದಲ ಬಾರಿಗೆ ಮನೆ ಬಿಟ್ಟು ಬಂದ ಒಂಬತ್ತು ಹತ್ತು ವರ್ಷದ ಹುಡುಗರಲ್ಲಿ ಒಬ್ಬಿಬ್ಬರು ದೀಪ ಆರಿದ ಮೇಲೆ ಹೆಬ್ಬೆರಳು ಚೀಪುತ್ತಾರೆ. ನಿಪ್ಪಲ್ಲನ್ನು ಎತ್ತಿಡಬಹುದು, ಹೆಬ್ಬೆರಳನ್ನು ಎತ್ತಿಡಲಾಗದು. ಇತರ ಹುಡುಗರ ಎದುರಿನಲ್ಲಿ ಅದನ್ನು ಎತ್ತಿ ಆಡಬಾರದೆಂದು ನಿಲಯಪಾಲಕರಿಗೆ ತಿಳಿಸಿದ್ದೇವೆ. ಜೊತೆಗಾರರು ದೊರೆತು ಆಟಪಾಠಗಳಲ್ಲಿ ಮನಸ್ಸು ನೆಟ್ಟಮೇಲೆ ಬಹುಪಾಲು ಹುಡುಗರು ತಾವಾಗಿಯೇ ಬಿಡುತ್ತಾರೆ. ನಾಚಿಕೆಪಡಿಸಿದವರು ಮಾತ್ರ ಹೊದಿಕೆಯೊಳಗೆ ಮುಖ ಮರೆಸಿಕೊಂಡು ಮುಂದುವರಿಸುತ್ತಾರೆ.

ಡೆನ್ಮಾರ್ಕಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿಯ ಒಂದು ಸೊಗಸಾದ ರೂಢಿಯನ್ನು ತಿಳಿಸಿದ್ದರು. ಕೋಪನ್‌ಹೇಗನ್ನಿನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿ ನಿಪ್ಪಲ್ಲುಗಳ ಮರವಿದೆ. ಬಿಡುವ ವಯಸ್ಸಿನ ಮಗುವನ್ನು ಹೆತ್ತವರು ಅಲ್ಲಿಗೆ ಕರೆದೊಯ್ಯುತ್ತಾರೆ. ಮಗು ತನ್ನ ನಿಪ್ಪಲ್ಲನ್ನು ತಾನೇ ಕೊಂಬೆಗೆ ಕಟ್ಟಿಸಿ ಬರುತ್ತದೆ. ನಮ್ಮ ಜನ ಹರಕೆಯ ತೊಟ್ಟಿಲುಗಳನ್ನು ಮರಕ್ಕೆ ಕಟ್ಟುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಅಲ್ಲಿ ಸುಳ್ಳೂ ಇಲ್ಲ, ಬೆದರಿಕೆಯೂ ಇಲ್ಲ. ತನ್ನದು ಎಲ್ಲಿದೆಯೆಂದು ಮಗುವಿಗೆ ಗೊತ್ತು.

ಮೇಲೆ ಹೇಳಿದ ಕುಟುಂಬ ಊರಿಗೆ ಮರಳಿ ದಂತವೈದ್ಯರನ್ನು ಕಂಡಿತು. ಮುಂದಿನ ಹಲ್ಲುಗಳ ನಡುವೆ ಕಿಂಡಿ ಬಿದ್ದಿದೆ, ಈಗ ಬಿಡಿಸಿದರೆ ಕೂಡಿಕೊಳ್ಳಬಹುದು ಎಂದು ಅವರು ಹೇಳಿದರಂತೆ. ಮೊದಲು ಹೊರಗೆ ಹೋಗುವಾಗ ನಿಪ್ಪಲ್ಲನ್ನು ಮನೆಯಲ್ಲಿಯೇ ಬಿಟ್ಟರು, ಆಮೇಲೆ ಹಗಲಿನಲ್ಲಿ ನಿಲ್ಲಿಸಿದರು. ನಡುವೆ ಮಗುವಿಗೆ ನೆಗಡಿಯಾದಾಗ ಎರಡು ವಾರ ತಡೆದರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೊತ್ತುಮಾಡಿ, ನಾಲ್ಕು ದಿನ ಮೊದಲೇ ಮಗುವಿಗೆ ಹೇಳಿ, ಅದರ ಕೈಯಿಂದಲೇ ಒಂದು ಡಬ್ಬಿಯಲ್ಲಿ ಇಡಿಸಿದರು. ಮೂರನೆಯ ರಾತ್ರಿ ಮಗು ಒಂದು ಗಂಟೆಗೂ ಹೆಚ್ಚು ಹೊತ್ತು ಅತ್ತಿತಂತೆ. ಯಾರಿಗೂ ತಿಳಿಯದಂತೆ ಕೊಟ್ಟುಬಿಡೋಣವೆಂದು ಅಜ್ಜಿ ಎದ್ದು ಡಬ್ಬಿಯವರೆಗೂ ಹೋದರಂತೆ. ಅಲ್ಲಿ ನಿಂತು, ಮರಳಿ ಬಂದು, ಮೊಮ್ಮಗನನ್ನು ಮಗ್ಗುಲಿಗೆ ಎಳೆದುಕೊಂಡು ತಟ್ಟುತ್ತ ಕುಳಿತರಂತೆ. ಇದನ್ನು ನಮಗೆ ದೂರವಾಣಿಯಲ್ಲಿ ಹೇಳಿದವರು ಸೊಸೆ. ಹೇಳುವಾಗ, “ನಮ್ಮತ್ತೆ ಇಲ್ಲದಿದ್ದರೆ ನನ್ನಿಂದ ಆಗ್ತಿರಲಿಲ್ಲ ಬುದ್ಧಿ” ಎಂದರು. ಮಗು ಈಗ ಅಜ್ಜಿಯ ಸೆರಗಿನ ತುದಿ ಹಿಡಿದು ಮಲಗುತ್ತದೆಯಂತೆ. ಅದನ್ನು ಬಿಡಿಸುವ ಅವಸರವೇನೂ ಇಲ್ಲವೆಂದು ಹೇಳಿದ್ದೇವೆ.

ಬಿಡಿಸುವ ಕೆಲಸದಲ್ಲಿ ಮನೆಯ ಹಿರಿಯರೆಲ್ಲರದೂ ಒಂದೇ ಮಾತಾಗಿರಬೇಕು. ತಾಯಿ ಬೇಡವೆಂದದ್ದನ್ನು ತಂದೆ ಕೊಟ್ಟರೆ, ತಂದೆ ಎತ್ತಿಟ್ಟದ್ದನ್ನು ಅಜ್ಜಿ ತೆಗೆದುಕೊಟ್ಟರೆ, ನಾಲ್ಕು ದಿನದ ಕೆಲಸ ನಾಲ್ಕು ತಿಂಗಳಾಗುತ್ತದೆ. ಆ ಮಾತು ಒಂದಾಗಬೇಕಾದರೆ ಯಾರು ಕೊಟ್ಟರು, ಯಾರು ಕೆಡಿಸಿದರು ಎಂಬ ವಿಚಾರಣೆ ಮೊದಲು ನಿಲ್ಲಬೇಕು. ಕೊಟ್ಟವರಿಗೆ ಕೊಡುವಾಗ ಒಂದು ಕಾರಣವಿತ್ತು. ಅದನ್ನು ಕೇಳಿ ತಿಳಿದುಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಮಾತನ್ನು ಈ ಕಾಲದಲ್ಲಿ ಹೇಳದೆ ಇರುವಂತಿಲ್ಲ. ನಿಪ್ಪಲ್ಲು ಬಿಡಿಸಿದ ಕೈಯಿಂದಲೇ ಮೊಬೈಲನ್ನು ಕೊಡುವ ಮನೆಗಳನ್ನು ನೋಡುತ್ತಿದ್ದೇವೆ. ಅಳು ನಿಂತಿತೆಂದು ಹೆತ್ತವರಿಗೆ ಸಮಾಧಾನ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದೆ ಕೂರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ತಿಳಿಸಿದೆ. ಮೊಬೈಲಿನ ಆಸೆ ವಯಸ್ಸಿನೊಡನೆ ತೀರುವಂಥದಲ್ಲ, ಬೆಳೆಯುವಂಥದು. ಚಟವೆಂಬ ಮಾತನ್ನು ಆಡಲೇಬೇಕಾದರೆ ಅದಕ್ಕೆ ಆಡಬಹುದು. ಅದು ಮಗುವಿಗಿಂತ ಮೊದಲು ನಮ್ಮ ಕೈಗಳಲ್ಲಿದೆ ಎಂಬುದನ್ನೂ ನೆನೆಯಬೇಕು.

ಆದುದರಿಂದ ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನಮ್ಮ ವಿನಂತಿಯಿಷ್ಟೆ. ಕೂಸಿನ ಬಾಯಿಂದ ಏನನ್ನಾದರೂ ತೆಗೆಯುವ ಮೊದಲು ಅದರ ಬದಲಿಗೆ ನೀವು ಎಷ್ಟು ಹೊತ್ತು ಅದರ ಬಳಿ ಕೂರಬಲ್ಲಿರಿ ಎಂಬುದನ್ನು ಲೆಕ್ಕ ಹಾಕಿಕೊಳ್ಳಿರಿ. ವೈದ್ಯರನ್ನು ಕೇಳಿರಿ, ದಿನ ಗೊತ್ತುಮಾಡಿರಿ, ಮನೆಯವರೆಲ್ಲ ಮಾತಾಡಿಕೊಳ್ಳಿರಿ. ನಾಲ್ಕಾರು ರಾತ್ರಿ ನಿಮ್ಮ ನಿದ್ದೆ ಕೆಡುತ್ತದೆ. ಆ ರಾತ್ರಿಗಳಲ್ಲಿ ತಟ್ಟುವ ಕೈಯೊಂದು, ಜೋಗುಳ ಹಾಡುವ ದನಿಯೊಂದು ಮನೆಯಲ್ಲಿರಲಿ. ದನಿ ಚೆನ್ನಾಗಿರಬೇಕೆಂಬ ನಿಯಮವೇನೂ ಇಲ್ಲ; ಕೂಸುಗಳು ಅದನ್ನು ಎಣಿಸುವುದಿಲ್ಲ. ನಮ್ಮ ಮಠದ ಅಂಗಳದಲ್ಲಿ ಆಡಿಹೋಗುವ ಎಲ್ಲ ಮಕ್ಕಳೂ ಸುಖನಿದ್ದೆಯಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.